ನಮ್ಮತ್ತೆಯ ಕೈಯಲ್ಲಿ ಹರಿದ ನಾರು

ಕಾಲು ನೀಡಿಕೊಂಡು ತಿಂಗಳುಗಟ್ಟಲೆ ಮಲಗಬೇಕಾದವರಿಗೆ ನನ್ನದೊಂದೇ ಬುದ್ಧಿಮಾತು: ಸೂರಿನ ಜಂತೆಗಳನ್ನು ಎಣಿಸಲು ಹೋಗಬೇಡಿ. ನಾನು ಎಣಿಸಿದೆ. ಬೆಳಗ್ಗೆ ಹದಿನೇಳು ಬಂದವು, ಮಧ್ಯಾಹ್ನ ಹದಿನಾರು. ಆ ಒಂದು ಜಂತೆ ಎಲ್ಲಿ ಹೋಯಿತು ಎಂದು ಹುಡುಕುವುದರಲ್ಲಿ ಎಂಟು ದಿನ ಕಳೆದು ತಲೆ ಚಿಟ್ಟು ಹಿಡಿಯಿತು. ಅದರ ಬದಲು ಬೀದಿಯಲ್ಲಿ ಹೋಗುವವರ ಜಗಳಕ್ಕೆ ಕಿವಿ ಕೊಡಿ, ಹೊತ್ತಾದರೂ ಹೋಗುತ್ತದೆ.

ನಾರು ಹುಣ್ಣು ಈಗ ನಮ್ಮ ಕಡೆ ಇಲ್ಲ. ಮೊನ್ನೆ ಆಸ್ಪತ್ರೆಗೆ ಹೋಗಿದ್ದಾಗ ಹೊಸದಾಗಿ ಬಂದ ಡಾಕ್ಟರಮ್ಮ ನನ್ನ ಎಡಗಾಲಿನ ಗುರುತು ನೋಡಿ, "ಏನಜ್ಜಿ ಇದು, ಬೆಂಕಿ ತಗುಲಿದ್ದಾ?" ಅಂದಳು. ನಾರು ಅಂದೆ. "ಹಾಗಂದ್ರೆ?" ಅಂದಳು. ಕೂರಿಸಿಕೊಂಡು ಹೇಳೋಣವೆಂದರೆ ಹೊರಗೆ ಬಾಗಿಲ ತನಕ ಜನ. ಅದಕ್ಕೇ ಬರೆಯಲು ಕೂತೆ. ಕುಡಿದ ನೀರಿನ ಜೊತೆ ಒಳಗೆ ಹೋದ ಹುಳು ಒಂದು ವರ್ಷ ಸುಮ್ಮನಿದ್ದು, ಆಮೇಲೆ ಕಾಲಲ್ಲಿ ಬೊಕ್ಕೆ ಎಬ್ಬಿಸಿ ಬಿಳಿ ದಾರದಂತೆ ಹೊರಗೆ ತಲೆ ಹಾಕುತ್ತದೆ. ಅಷ್ಟು ತಿಳಿದರೆ ಸಾಕು, ಉಳಿದದ್ದೆಲ್ಲ ಮನುಷ್ಯರ ಕಥೆ.

ನಾನು ಹುಟ್ಟಿದ್ದು ಬರ್ಮಾದಲ್ಲಿ. ಅಪ್ಪ ಇಟ್ಟ ಹೆಸರು ಮಾ ಮ್ಯಾ. ತಾಯಲೂರಿನವರ ನಾಲಿಗೆಗೆ ಅದು ಹೊರಳದೆ ಮಾಯಮ್ಮ ಆದೆ. ರಂಗೂನಿನ ಒಂದು ಅಕ್ಕಿ ಗಿರಣಿಯ ಬಾಗಿಲಲ್ಲಿ ನಮ್ಮಮ್ಮನೂ ನಾನೂ ಮೀನಿನ ಸಾರು, ಅಕ್ಕಿ ಶಾವಿಗೆ ಮಾರುತ್ತಿದ್ದೆವು. ಆ ಗಿರಣಿಯಲ್ಲಿ ಮೂಟೆ ತೂಗುತ್ತಿದ್ದವನು ಮುನಿಶಾಮಪ್ಪ, ಮುಳಬಾಗಿಲು ತಾಲ್ಲೂಕು ತಾಯಲೂರಿನವನು. ದಿನಾ ಎರಡು ಬಟ್ಟಲು ತಿನ್ನುತ್ತಿದ್ದ. ಮೂರನೆಯ ಬಟ್ಟಲು ಕೇಳಿದ ದಿನ ನಮ್ಮಮ್ಮ, "ಇವನು ಸಾರಿಗೋಸ್ಕರ ಬರ್ತಿಲ್ಲ" ಅಂದಳು. ಹಾಗೆ ನಮ್ಮ ಮದುವೆಯಾಯಿತು. ಗಿರಣಿಯ ಕೂಲಿಗಳೆಲ್ಲ ತೆಲುಗಿನವರಾದ್ದರಿಂದ ನನಗೆ ತೆಲುಗು ಬರುತ್ತಿತ್ತು. ಕನ್ನಡ ಅವನಿಂದ ನಾಲ್ಕು ಮಾತು ಕಲಿತಿದ್ದೆ, ಅದರಲ್ಲಿ ಮೂರು ಬೈಗುಳ.

ಜಪಾನಿನವರ ಬಾಂಬು ಬಿದ್ದ ಮೇಲೆ ಊರಿಗೆ ಊರೇ ಎದ್ದು ಓಡಿತು. ನಮ್ಮಮ್ಮ ಬರಲಾರೆ ಅಂದಳು. "ಹೋಗಿ ಬನ್ನಿ" ಅಂತ ಬಾಗಿಲಲ್ಲಿ ನಿಂತು ಹೇಳಿದಳು, ಸಂತೆಗೆ ಹೊರಟವರಿಗೆ ಹೇಳುವ ಹಾಗೆ. ನಾವಿಬ್ಬರೂ ಜನರ ಜೊತೆ ಬೆಟ್ಟದ ದಾರಿ ಹಿಡಿದೆವು. ದಾರಿಯಲ್ಲಿ ವಾಂತಿಭೇದಿ ಬಂದು ಮುನಿಶಾಮಪ್ಪ ಹೋದ. ಹೋಗುವಾಗ ನೀರು ಕೇಳಿದ. ನಮ್ಮ ಸೀಸೆಯಲ್ಲಿ ನೀರಿರಲಿಲ್ಲ, ಕೇಳಿದವರ ಹತ್ತಿರವೂ ಇರಲಿಲ್ಲ. ಇಷ್ಟನ್ನು ಇಲ್ಲೇ ಹೇಳಿಬಿಟ್ಟೆ, ಯಾಕೆಂದರೆ ಇದನ್ನು ಹೇಳಬೇಕಾದ ಕಡೆ ನಾನು ನಾಲ್ಕು ವರ್ಷ ಹೇಳಲಿಲ್ಲ.

ಅವನ ಊರಿನ ಹೆಸರು ಬರೆದಿದ್ದ ಚೀಟಿ ಹಿಡಿದು ಮದ್ರಾಸಿಗೆ ಬಂದೆ. ಅಲ್ಲಿಂದ ಲಾರಿಯಲ್ಲಿ ನಂಗಲಿ, ನಂಗಲಿಯಿಂದ ಕಾಲ್ನಡಿಗೆ. ತಾಯಲೂರಿನಲ್ಲಿ ಅವರ ಮನೆಯ ಜಗಲಿ ಮೇಲೆ ಕೂತೆ. ನಮ್ಮತ್ತೆ ಯಲ್ಲಮ್ಮ ರಾಗಿ ಕೇರುತ್ತಿದ್ದರು. ಪಕ್ಕದ ಮನೆಯಲ್ಲಿ ಸಂಸಾರ ಮಾಡುತ್ತಿದ್ದ ಭಾವ ನಾರಾಯಣಪ್ಪ ಓಡಿ ಬಂದು ಚೀಟಿ ಓದಿದರು. ಗಡಿಯ ಊರು, ತೆಲುಗು ಎಲ್ಲರಿಗೂ ತಿಳಿಯುತ್ತಿತ್ತು; ನಾನು ತೆಲುಗಿನಲ್ಲಿ ವಿಷಯ ಹೇಳಿದೆ. ನಮ್ಮತ್ತೆ ಮೊರ ಕೆಳಗಿಡಲೂ ಇಲ್ಲ, ಅಳಲೂ ಇಲ್ಲ. ಕೇರುತ್ತಲೇ ಕೇಳಿದರು.

"ಕೊನೇಗೆ ಏನ್ ತಿಂದ ನನ್ ಮಗ?"

"ಅನ್ನ. ಬೆಲ್ಲ ಕಲಸ್ಕೊಂಡು."

"ನೀರು ಕುಡುದ್ನಾ?"

"ಹೊಟ್ಟೆ ತುಂಬ ಕುಡಿದ ಅತ್ತಮ್ಮ."

ಆಗ ಮೊರ ಕೆಳಗಿಟ್ಟು ಅತ್ತರು.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ದಿನಾ ಅದೇ ಪಾಠ. ಮುದ್ದೆಯ ಎಸರಿಗೆ ಮುಂಚೆ ಒಲೆಯ ಮುಂದೆ ಕೂತು, "ಹೇಳು" ಅನ್ನುವರು. ನಾನು ಮಗನ ಕಥೆ ಹೇಳಬೇಕು. ಗಿರಣಿಯಲ್ಲಿ ಎಲ್ಲಿ ಮಲಗುತ್ತಿದ್ದ, ಯಾವ ಬಣ್ಣದ ಲುಂಗಿ, ಬೆಟ್ಟ ಹತ್ತುವಾಗ ಯಾವ ಕಾಲು ಮುಂದಿಡುತ್ತಿದ್ದ. ನಾನೂ ಹೇಳಿ ಹೇಳಿ ಸುಸ್ತಾಗುತ್ತಿದ್ದೆ. ಕೊನೆಗೆ ನೀರಿನ ಜಾಗ ಬಂದಾಗ ಒಂದು ತೊರೆಯನ್ನೇ ಹರಿಸಿಬಿಟ್ಟೆ, ಅವನು ಎರಡೂ ಕೈಯಲ್ಲಿ ಮೊಗೆದು ಕುಡಿದ ಅಂದೆ. ಹೊಗೆಸೊಪ್ಪು ದವಡೆಗಿಟ್ಟುಕೊಂಡು ಕೇಳುತ್ತಿದ್ದ ಆ ಮುಖದಲ್ಲಿ ಆಗ ಒಂದು ನೆಮ್ಮದಿ ಬರುತ್ತಿತ್ತು. ಆ ನೆಮ್ಮದಿ ನೋಡಲಾರದೆ ನಾನು ಒಲೆಗೆ ಸೌದೆ ಒಡ್ಡುತ್ತಿದ್ದೆ.

ಊರಿನವರು ಕೆಟ್ಟವರಲ್ಲ. ಆದರೆ ಪರದೇಶದವಳನ್ನು ನೋಡುವ ಕಣ್ಣೇ ಬೇರೆ. ನಾನು ನೀರು ಸೇದಲು ಹೋದರೆ ಮಾತು ನಿಲ್ಲುತ್ತಿತ್ತು. ಕೂರುವ ರೀತಿ ಸರಿಯಿಲ್ಲ, ಸೀರೆ ಉಟ್ಟರೆ ಬಾಳೆಗಿಡಕ್ಕೆ ಸುತ್ತಿದ ಹಾಗಿದೆ, ಚುಟ್ಟಾ ಸೇದುತ್ತಾಳಂತೆ ಎಂದು ನಗುವರು. ಚುಟ್ಟಾ ವಿಷಯದಲ್ಲಿ ಮಾತ್ರ ನಮ್ಮತ್ತೆ ನನ್ನ ಪರ. "ನಾನ್ ಅಗೀತೀನಿ, ಅವ್ಳು ಸೇದ್ತಾಳೆ, ನಿಮ್ಗೇನ್ರೇ ಕಷ್ಟ?" ಅಂತ ಗದರಿದರು. ಅಷ್ಟಾದರೂ ನನ್ನ ಹೆಸರು ಹಿಡಿದು ಕರೆದವರಲ್ಲ. "ಏಯ್" ಅನ್ನುವರು, ಇಲ್ಲದಿದ್ದರೆ ಪಾತ್ರೆ ಸದ್ದು ಮಾಡುವರು.

ನಮ್ಮತ್ತೆಗೆ ಒಂದು ಹೆಸರಿತ್ತು. ಸುತ್ತಲಿನ ಊರುಗಳಲ್ಲಿ ಯಾರಿಗೆ ನಾರು ಎದ್ದರೂ ಗಾಡಿ ಕಟ್ಟಿಕೊಂಡು ಅವರ ಹತ್ತಿರ ಬರುತ್ತಿದ್ದರು. ಬೊಕ್ಕೆ ಒಡೆದ ಜಾಗಕ್ಕೆ ತಣ್ಣೀರು ಹುಯ್ದರೆ ನಾರಿನ ತುದಿ ಕಾಣುತ್ತದೆ. ಅದನ್ನು ಹತ್ತಿಯ ಎಳೆಯಲ್ಲಿ ಪೊರಕೆ ಕಡ್ಡಿಗೆ ಕಟ್ಟಿ ದಿನಕ್ಕೆ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ ಸುತ್ತು ಸುತ್ತಬೇಕು. ಅದು ಎಳೆಯುವ ಕೆಲಸವಲ್ಲ, ಬಂದಷ್ಟನ್ನು ತೆಗೆದುಕೊಳ್ಳುವ ಕೆಲಸ. ಅವಸರ ಮಾಡಿ ಒಳಗೇ ಹರಿದರೆ ಕಾಲು ಬಾತು ಕೀವಾಗಿ, ಕಾಲೇ ಹೋಗಬಹುದು, ಜೀವವೂ ಹೋಗಬಹುದು. ಯಲ್ಲಮ್ಮನ ಕೈಯಲ್ಲಿ ಮೂವತ್ತು ವರ್ಷದಲ್ಲಿ ಒಂದೂ ಹರಿದಿರಲಿಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ಗಾಡಿಗಳು ಮನೆಯ ಮುಂದೆ ನಿಂತಾಗ ಅವರ ನಡಿಗೆ ಸ್ವಲ್ಪ ಬದಲಾಗುತ್ತಿತ್ತು.

ರಂಗೂನು ಮತ್ತೆ ಇಂಗ್ಲಿಷಿನವರ ಕೈಗೆ ಬಂತು ಎಂಬ ಸುದ್ದಿ ಬಂದ ಬೇಸಿಗೆಯಲ್ಲಿ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮದ್ರಾಸು ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಓಡಾಡುತ್ತಿದ್ದವು. ಯಾರಾದರೂ ಬರ್ಮಾದಿಂದ ಬಂದವರು ಸಿಕ್ಕಾರು ಎಂದು ನಂಗಲಿಗೆ ನಡೆದು ಹೋದೆ. ಒಬ್ಬ ಡ್ರೈವರು ಸಿಕ್ಕಿದ, ಅವನು ರಂಗೂನಿನಲ್ಲಿ ನೋಡಿದ್ದು ಬರಿಯ ಹಡಗುಕಟ್ಟೆ. ಬರಿಗೈಯಲ್ಲಿ ಬಿಸಿಲಲ್ಲಿ ವಾಪಸು ಬರುವಾಗ ಒಂದು ಮೆಟ್ಟಿಲು ಬಾವಿ ಕಂಡಿತು. ಆ ಬಾವಿಗಳ ನೀರನ್ನು ಸೀರೆಯ ಸೆರಗು ಮಡಿಸಿ ಸೋಸದೆ ಕುಡಿಯಬಾರದು ಎಂದು ನಮ್ಮತ್ತೆ ನೂರು ಸಲ ಹೇಳಿದ್ದರು. ನಾನು ಮೆಟ್ಟಿಲಿಳಿದು ಮೊಣಕಾಲುದ್ದ ನೀರಲ್ಲಿ ನಿಂತು ಎರಡೂ ಕೈಯಲ್ಲಿ ಮೊಗೆದು ಕುಡಿದೆ. ಅವನು ಹೋದ ಮೇಲೆ ನೀರು ಕಂಡರೆ ಕಾಯುವ ತಾಳ್ಮೆ ನನಗಿರಲಿಲ್ಲ.

ಅದಾದ ಮೇಲೆ ನಮ್ಮಮ್ಮನ ಪಕ್ಕದ ಮನೆಯವರಿಂದ ಕಾಗದ ಬಂತು. ಅಮ್ಮ ಬದುಕಿದ್ದಾಳೆ, ಕಣ್ಣು ಮಂಜಾಗಿದೆ, ಬಾಗಿಲ ಹತ್ತಿರ ಕೂತಿರುತ್ತಾಳೆ ಎಂದಿತ್ತು. ನಮ್ಮ ಲಿಪಿ ಓದಬಲ್ಲವಳು ಆ ತಾಲ್ಲೂಕಿನಲ್ಲೇ ನಾನೊಬ್ಬಳು. ಹಾಗಾಗಿ ಅದನ್ನು ನಾನೇ ಓದಿಕೊಂಡು, ನಾನೇ ಅತ್ತು, ನಾನೇ ಎಲ್ಲರಿಗೂ ಹೇಳಿದೆ. ಭಾವ ಮುಳಬಾಗಿಲಿನ ಅಮಲ್ದಾರರ ಕಚೇರಿಗೆ ಕರೆದುಕೊಂಡು ಹೋಗಿ ವಾಪಸು ಹೋಗುವವರ ಪಟ್ಟಿಯಲ್ಲಿ ಹೆಸರು ಬರೆಸಿದರು. ಆ ಕಚೇರಿಯ ಬೆಂಚಿನ ಮೇಲೆ ಎಷ್ಟು ದಿನ ಕೂತಿದ್ದೆನೋ ಲೆಕ್ಕವಿಲ್ಲ. ಗುಮಾಸ್ತ ಪ್ರತಿ ಸಲ, "ಯಾವ ದೇಶದವಳಮ್ಮ ನೀನು?" ಎಂದು ಕೇಳುವನು. ನಾನು ಪ್ರತಿ ಸಲ ಒಂದೊಂದು ಉತ್ತರ ಹೇಳಿದೆ, ಯಾವುದನ್ನೂ ಅವನು ಬರೆದುಕೊಳ್ಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಪ್ಪಣೆ ಬಂತು. ಇನ್ನು ಆರು ವಾರಕ್ಕೆ ಮದ್ರಾಸಿನಲ್ಲಿ ಹಡಗು. ಭಾವ ಓದಿ ಹೇಳಿದಾಗ ನಮ್ಮತ್ತೆ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಹೋದೋಳು ಬರ್ತೀಯಾ?" ಅಂದರು.

"ಬರ್ತೀನಿ ಅತ್ತಮ್ಮ."

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಬೀಜ ಬಿಡಿಸುತ್ತಲೇ ಇದ್ದರು.

ಅದೇ ವಾರ ಎಡಗಾಲಿನ ಹರಡಿನ, ಅಂದರೆ ಕಾಲಗಂಟಿನ, ಮೇಲೆ ಬೊಕ್ಕೆ ಎದ್ದಿತು. ಮೊದಲು ತುರಿಕೆ, ಆಮೇಲೆ ಕೆಂಡ ಕಟ್ಟಿದ ಹಾಗೆ ಉರಿ. ಬಾನಿಯ ನೀರಿಗೆ ಕಾಲಿಟ್ಟೆ. ಬೊಕ್ಕೆ ಒಡೆದು ಒಳಗೆ ಬಿಳಿ ಎಳೆ ಕಂಡಿತು. ಅಯ್ಯೋ ದೇವರೇ, ಆ ಹೊತ್ತಿನ ಅಸಹ್ಯ! ನನ್ನದೇ ಮೈಯೊಳಗೆ ಒಂದು ವರ್ಷದಿಂದ ಇನ್ನೊಂದು ಜೀವ ಬಾಡಿಗೆಗಿತ್ತು ಎಂದು ತಿಳಿದರೆ ಯಾರಿಗಾದರೂ ಮೈ ಜುಮ್ಮೆನ್ನದೆ ಇರುತ್ತದೆಯೇ? ನಮ್ಮತ್ತೆ ಕೂತು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. "ಸೋಸ್ದೆ ಎಲ್ಲಿ ಕುಡ್ದೆ? ಯಾಕ್ ಕುಡ್ದೆ?" ಅಂದರು. ಎಲ್ಲಿ ಎಂದು ಹೇಳಿದೆ. ಯಾಕೆ ಎಂದು ಹೇಳಬೇಕಾದರೆ ಆ ತೊರೆಯ ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಬಿಸಿಲು ಅಂದೆ.

"ಹಡಗಿಗೆ ಮುಂಚೆ ಬರುತ್ತಾ ಇದು?" ಅಂತ ಕೇಳಿದೆ.

"ಅದಕ್ಕೆ ಹಡಗು ಪಡಗು ಗೊತ್ತಾಗಲ್ಲ. ಒಂದ್ ತಿಂಗ್ಳು ಮೇಲೆ ನಾಕ್ ದಿನ ಅನ್ಕೋ. ಕಾಲು ಆಡಿಸ್ಬೇಡ, ನೋಡ್ಬೇಡ."

ನೋಡಬಾರದು ಎಂಬುದು ಅವರ ಕಟ್ಟುನಿಟ್ಟು. ನೋಡಿದವರು ಬಿಗಿಯುತ್ತಾರೆ, ಬಿಗಿದರೆ ನಾರು ಒಳಕ್ಕೆ ಸೇರುತ್ತದೆ ಎನ್ನುವರು. ಹಾಗಾಗಿ ನಾನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಬೆಳಗ್ಗೆ ಅಂಗಳ ಗುಡಿಸಿ, ಹಾಲು ಕರೆದು, ಕೈ ತೊಳೆದು ಬರುವರು. ಕಾಲಿಗೆ ತಣ್ಣೀರು ಹುಯ್ದು, ಉಸಿರು ಹಿಡಿದು, ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ, ಬಿಸಿ ಮಾಡಿದ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಟ್ಟುವರು. ಇಂಗು ಬೆಲ್ಲದ ಉಂಡೆ ಬಾಯಿಗೆ ತುರುಕುವರು. ಆ ಕೈ ಎಷ್ಟು ಹಗುರ ಎಂದರೆ ತಿರುಗಿಸಿದ್ದೇ ತಿಳಿಯುತ್ತಿರಲಿಲ್ಲ. ಹುಟ್ಟಿದ ಮೇಲೆ ನನ್ನ ಕಾಲನ್ನು ಅಷ್ಟು ಜೋಪಾನ ಮಾಡಿದವರು ನಮ್ಮಮ್ಮ ಬಿಟ್ಟರೆ ಅವರೇ. ಸಂಜೆ ಮಾತ್ರ ತಪ್ಪದೆ "ಹೇಳು" ಅನ್ನುವರು. ಜ್ವರದಲ್ಲೂ ಹೇಳಿದೆ.

ದಿನಗಳು ಸರಿಯಲೇ ಇಲ್ಲ. ಜಂತೆ ಎಣಿಸಿದ್ದು ಆಗಲೇ. ಇನ್ನೊಂದು ಕೆಲಸವನ್ನೂ ಮಾಡಿದೆ: ಭಾವನ ಮಗಳ ಹಳೆಯ ಬಾಲಬೋಧೆಯ ಮೇಲೆ ಕಣ್ಣಾಡಿಸುತ್ತ ಕನ್ನಡ ಅಕ್ಷರ ಕಲಿತೆ. ನಮ್ಮ ಅಕ್ಷರಗಳ ಹಾಗೆ ಇವೂ ಗುಂಡಗಿದ್ದವು, ಅದೊಂದು ಸಮಾಧಾನ. ಬೀದಿಯಲ್ಲಿ ಹೋಗುವ ಹೆಂಗಸರು ಕಿಟಕಿಯಲ್ಲಿ ಇಣುಕಿ, "ಮಾಯಮ್ಮ, ನಾರು ಎದ್ಮೇಲೆ ನೀನ್ ನಮ್ಮೂರೋಳೇ ಆದೆ ಬಿಡು" ಅನ್ನುವರು. ನಾಲ್ಕು ವರ್ಷದಲ್ಲಿ ಮೊದಲ ಸಲ ಊರಿನವರು ನನ್ನನ್ನು ಎದುರಿಗೇ ಹೆಸರು ಹಿಡಿದು ಕರೆದದ್ದು. ನಗು ಬಂತು. ಊರು ಬಿಡುವ ಹೊತ್ತಿಗೆ ಊರಿನವಳಾಗಿದ್ದೆ.

ಹಡಗಿಗೆ ಇನ್ನು ಹನ್ನೆರಡು ದಿನವಿತ್ತು. ಕಡ್ಡಿಯ ಮೇಲೆ ಒಂದು ಮೊಳ ನಾರು ಸುತ್ತಿಕೊಂಡಿತ್ತು. "ಇನ್ನೊಂದ್ ಗೇಣು. ಐದಾರ್ ದಿನ" ಅಂದರು ನಮ್ಮತ್ತೆ ಹಿಂದಿನ ಸಂಜೆ. ಭಾವ ಗಾಡಿ ಗೊತ್ತು ಮಾಡಿದರು. ನಾನು ಪೆಟ್ಟಿಗೆಗೆ ಸೀರೆ ಮಡಿಸಿಟ್ಟೆ, ನಮ್ಮಮ್ಮನಿಗೆಂದು ಒಂದು ಉಂಡೆ ಬೆಲ್ಲ ಇಟ್ಟೆ. ಮರುದಿನ ಬೆಳಗ್ಗೆ ಎಂದಿನಂತೆ ಗೋಡೆಗೆ ಮುಖ ಮಾಡಿದೆ. ತಣ್ಣೀರು ಬಿತ್ತು. ಆಮೇಲೆ ಕಾಲಿನೊಳಗೆ ಹರಡಿನಿಂದ ಮೊಣಕಾಲಿನ ತನಕ ಬೆಂಕಿಯ ಗೆರೆ ಎಳೆದ ಹಾಗಾಯಿತು. ನಾನು ಕಾಲು ಕೊಡವಿ ಚೀರಿದೆ.

"ಹರ್ದೋಯ್ತು" ಅಂದರು ನಮ್ಮತ್ತೆ.

ನಾನೇ ಕೊಡವಿದೆ, ನಾನೇ ಹಾಳು ಮಾಡಿಕೊಂಡೆ ಎಂದು ಹಣೆ ಚಚ್ಚಿಕೊಂಡೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಊರಿಗೂ ಹಾಗೆಯೇ ಗೊತ್ತಾಯಿತು: ರಂಗೂನಿನವಳು ಕಾಲು ಒದರಿದಳಂತೆ, ಹಡಗಿನ ಅವಸರ.

ಮೂರನೆಯ ದಿನಕ್ಕೆ ಕಾಲು ಹಲಸಿನ ಕಾಯಿಯಷ್ಟಾಯಿತು. ಭಾವ ಗಾಡಿಯಲ್ಲಿ ಮುಳಬಾಗಿಲಿಗೆ, ಅಲ್ಲಿಂದ ಇದ್ದಿಲ ಹೊಗೆಯ ಬಸ್ಸಿನಲ್ಲಿ ಕೋಲಾರದ ಆಸ್ಪತ್ರೆಗೆ ಹೊತ್ತೊಯ್ದರು. ಬಸ್ಸು ದಿಣ್ಣೆ ಹತ್ತಲಾರದೆ ನಿಂತಾಗಲೆಲ್ಲ ಜನ ಇಳಿದು ತಳ್ಳಿದರು. ನನ್ನೊಬ್ಬಳನ್ನು ಒಳಗೇ ಬಿಟ್ಟರು. ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗೆ ಕಾಯುತ್ತ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ನೆಲದ ಮೇಲೆ ಮಲಗಿದ್ದೆ. ಡಾಕ್ಟರು ಬಂದು ಒತ್ತಿ ನೋಡಿ, ಭಾವನ ಕಡೆ ತಿರುಗಿ, "ಎರಡು ದಿನ ನೋಡ್ತೀನಿ. ಇಳೀದಿದ್ರೆ ಮೊಣಕಾಲಿನಿಂದ ತೆಗೀಬೇಕು" ಅಂದರು. ನನಗೆ ಅರ್ಥವಾಗದು ಎಂದುಕೊಂಡು ನನ್ನೆದುರಿಗೇ ಹೇಳಿದರು. ಆಗ ನನಗೆ ಎಲ್ಲ ಕನ್ನಡವೂ ಅರ್ಥವಾಗುತ್ತಿತ್ತು.

ಮೂರು ಕಡೆ ಕೊಯ್ದು ಕೀವು ತೆಗೆದರು. ಕಾಲು ಉಳಿಯಿತು. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಮಾಲೂರಿನ ಕಾಂಪೌಂಡರು ಗಾಯದೊಳಗೆ ತುರುಕಿದ್ದ ಬಟ್ಟೆಯ ಬತ್ತಿ ಎಳೆಯುವ ಮುಂಚೆ, "ಈಗ ನಿಮ್ಮ ದೇಶದ ಭಾಷೇಲಿ ನನ್ನ ಬೈಕೊಳ್ಳಿ, ಯಾರಿಗೂ ಗೊತ್ತಾಗಲ್ಲ" ಅನ್ನುತ್ತಿದ್ದ. ನಾನು ಮನಸಾರೆ ಬೈದೆ. ಅವನು ತಲೆದೂಗಿ, "ಭೇಷ್, ಒಳ್ಳೇ ಬೈಗುಳ ಇರ್ಬೇಕು" ಅನ್ನುವನು. ಅಷ್ಟು ನೋವಿನಲ್ಲಿ ನಗಿಸಿದವನ ಋಣ ದೊಡ್ಡದು. ಹಡಗು ಹೊರಡುವ ದಿನ ಬಂತು, ಹೋಯಿತು. ಆ ದಿನ ನಾನು ಗಂಜಿಯನ್ನೂ ಮುಟ್ಟದೆ ಮಲಗಿದ್ದೆ.

ಪಕ್ಕದ ಮಂಚದಲ್ಲಿ ರಾಮಕ್ಕ ಎಂಬ ಶ್ರೀನಿವಾಸಪುರದ ಕಡೆಯ ಹೆಂಗಸು ಸುಟ್ಟ ಕೈ ಇಟ್ಟುಕೊಂಡು ಮಲಗಿದ್ದಳು. ಯಾವ ಊರು, ಏನಾಯಿತು ಎಂದು ವಿಚಾರಿಸಿದಳು. ಹೇಳಿದೆ.

"ತಾಯಲೂರು ಯಲ್ಲಮ್ಮನ ಕೈಲಿ ಹರೀತಾ? ಹೋಗಮ್ಮ ಹೋಗು."

"ನಾನೇ ಕಾಲು ಕೊಡವಿದೆ ರಾಮಕ್ಕ."

"ನಂಗೂ ಎರಡು ತೆಗ್ದವ್ಳೆ ಆಯಮ್ಮ, ಏಳೆಂಟು ವರ್ಷದ್ ಹಿಂದೆ. ಉರಿ ತಡೀಲಾರ್ದೆ ಎದೆಗೇ ಒದ್ದಿದ್ದೆ, ಅಂಗಾತ ಬಿದ್ಬಿಟ್ಲು ಪಾಪ. ಆಗ್ಲೂ ಎಳೆ ಹರೀಲಿಲ್ಲ. ಒದೆ ಬಿದ್ ತಕ್ಷಣ ಬೆರಳು ಬಿಡೋ ಕೈ ಅದು. ನೀನ್ ಕೊಡವಿದ್ರೆ ಹರಿಯೋ ಕೈಯಲ್ಲ ಕಣಮ್ಮ."

ಆಗ ಸರಿಯಾಗಿ ನೆನಪಾಯಿತು. ಮೊದಲು ಉರಿಯ ಗೆರೆ ಎದ್ದದ್ದು, ಆಮೇಲೆ ನಾನು ಕೊಡವಿದ್ದು. ಹಿಂದುಮುಂದಾಗಿ ನೆನಪಿಟ್ಟುಕೊಂಡು ಇಷ್ಟು ದಿನ ನನ್ನನ್ನೇ ಬೈದುಕೊಂಡಿದ್ದೆ. ಮಲಗಿದಲ್ಲೇ ಅದನ್ನು ತಿರುವಿ ತಿರುವಿ ನೋಡಿದೆ, ಮೂರು ತಿಂಗಳು. ಬೇರೆ ಏನಿತ್ತು ಮಾಡಲು?

ಮನೆಗೆ ಬಂದಾಗ ಹರಡು ಮಡಿಸಲು ಬರುತ್ತಿರಲಿಲ್ಲ. ಕೋಲು ಹಿಡಿದು ಅಂಗಳದ ತನಕ ಹೋಗುತ್ತಿದ್ದೆ. ನಮ್ಮತ್ತೆ ದಿನಾ ಎರಡು ಹೊತ್ತು ಎಣ್ಣೆ ನೀವುವರು, ಸಾರಿನಲ್ಲಿ ಗಟ್ಟಿಯನ್ನೆಲ್ಲ ನನ್ನ ತಟ್ಟೆಗೆ ಹಾಕುವರು. ಸಂಜೆ "ಹೇಳು" ಅನ್ನುವುದನ್ನು ನಿಲ್ಲಿಸಿದ್ದರು. ಒಂದು ದಿನ ಬೆಳಗ್ಗೆ ವಕ್ಕಲೇರಿಯಿಂದ ಗಾಡಿ ಬಂತು. ಮಧ್ಯ ವಯಸ್ಸಿನ ಗಂಡಸು, ಮೊಣಕಾಲ ಕೆಳಗೆ ನಾರು. ನಮ್ಮತ್ತೆ ಹೊಸಿಲು ದಾಟಲಿಲ್ಲ.

"ನನ್ ಕೈ ಹೋಯ್ತಪ್ಪ. ಬೇರೆ ಯಾರ್ನಾದ್ರೂ ನೋಡು."

"ಅಷ್ಟು ದೂರದಿಂದ ಬಂದಿದ್ದೀನಿ ತಾಯಿ!"

"ನನ್ ಕೈಗೆ ಕೊಡಬೇಡ ಅಂದ್ನಲ್ಲ" ಎಂದು ಬಾಗಿಲು ಹಾಕಿಕೊಂಡರು.

ಗಾಡಿಯ ಸದ್ದು ದೂರವಾದ ಮೇಲೆ ನಾನು ಕೇಳಿದೆ. ಸುತ್ತು ಬಳಸು ಮಾಡಲಿಲ್ಲ. "ನೀವು ಎಳೆದ್ರಾ ಅತ್ತಮ್ಮ?"

ಅವರು ಕಂಬಕ್ಕೆ ಒರಗಿ ಕೂತರು. "ಎಳ್ದೆ" ಅಂದರು. "ಬೇಕೂಂತ್ಲೇ ಎಳ್ದೆ. ಕಾಲು ಹೋಗ್ಲಿ ಅಂತಲ್ಲ ಕಣೇ, ನಮ್ಮ ಮನೆ ದೇವ್ರಾಣೆ. ಹಡಗು ತಪ್ಲಿ ಅಂತ. ನೀನ್ ಹೋದ್ರೆ ನನ್ ಮಗನ್ ಮಾತು ಯಾರ್ ಹೇಳ್ತಾರೆ ನಂಗೆ? ಅವನ್ ಎಂಗಿದ್ದ ಅಂತ ಈ ಊರಲ್ಲಿ ಯಾರ್ಗ್ ಗೊತ್ತು? ಹದ್ನೆಂಟಕ್ಕೆ ಹೋದೋನು. ಅಲ್ಲಿಂದೀಚೆಗೆ ಅವನ್ ಇರೋದೆಲ್ಲ ನಿನ್ ಬಾಯಲ್ಲೇ."

ನನಗೆ ಬಂದ ಸಿಟ್ಟನ್ನು ಈಗಲೂ ಮುಚ್ಚಿಡುವುದಿಲ್ಲ. ಕೋಲನ್ನು ಗೋಡೆಗೆ ಎಸೆದೆ. ನನ್ನ ಭಾಷೆಯಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಬೈದೆ. ನಮ್ಮಮ್ಮ ಬಾಗಿಲಲ್ಲಿ ಕೂತಿದ್ದಾಳೆ, ನಿಮ್ಮ ಮಗನಿಗೆ ಅನ್ನ ಹಾಕಿದ ಕೈ ಅವಳದು ಎಂದೆ. ಅವರು ತಲೆ ಬಗ್ಗಿಸಿ ಕೂತೇ ಇದ್ದರು. ಅಷ್ಟು ಸಾಲದೆ ಹೊಡೆಯಲು ಇನ್ನೊಂದು ಮಾತಿನ ಕಲ್ಲು ಹುಡುಕಿದೆ, ಸಿಕ್ಕಿತು.

"ಕೇಳ್ಬೇಕಾ ನಿಮ್ಮ ಮಗನ ಮಾತು? ಕೇಳಿ. ತೊರೆ ಇರ್ಲಿಲ್ಲ. ನೀರು ನೀರು ಅಂತ್ಲೇ ಹೋದ. ಒಂದು ತೊಟ್ಟು ಕೊಡಕ್ಕಾಗ್ಲಿಲ್ಲ ನನ್ ಕೈಲಿ."

ನಮ್ಮತ್ತೆ ತಲೆ ಎತ್ತಿದರು. "ಅದಕ್ಕೇನಾ ಆ ಬಾವಿ ನೀರು ಸೋಸ್ದೆ ಕುಡ್ದಿದ್ದು?" ಅಂದರು. ಅವರು ಎದ್ದು, ಮೂಲೆಗೆ ಬಿದ್ದ ಕೋಲನ್ನು ತಂದು ನನ್ನ ಕೈಗೆಟುಕುವಲ್ಲಿ ಇಟ್ಟು, ಹಸುವಿಗೆ ಹುಲ್ಲು ಹಾಕಲು ಹೋದರು.

ಅಂದಿನಿಂದ ನನ್ನ ಕಾಲು ಮುಟ್ಟಲು ಅವರನ್ನು ಬಿಡಲಿಲ್ಲ. ಎಣ್ಣೆಯನ್ನು ನಾನೇ ಹಚ್ಚಿಕೊಂಡೆ, ಬಗ್ಗಲು ಬಾರದೆ ಅರ್ಧ ನೆಲಕ್ಕೇ ಹಚ್ಚುತ್ತಿದ್ದೆ. ಅವರು ಎಣ್ಣೆ ಬೆಚ್ಚಗೆ ಮಾಡಿ ಹತ್ತಿರ ಇಟ್ಟು ಹೋಗುವರು. ಒಂದೇ ಮನೆ, ಒಂದೇ ಒಲೆ, ಬೇಕಾದಷ್ಟೇ ಮಾತು. ಸಿಟ್ಟನ್ನು ದಿನಾ ಹೊರುವುದಕ್ಕೂ ಶಕ್ತಿ ಬೇಕು, ನನ್ನಲ್ಲಿ ಅದೂ ಇರಲಿಲ್ಲ, ಆದರೂ ಹೊತ್ತೆ. ಸುಗ್ಗಿ ಕಳೆದ ಮೇಲೆ ಇನ್ನೊಂದು ಹಡಗಿಗೆ ಹೆಸರು ಬರೆಸೋಣ, ಅಷ್ಟು ಹೊತ್ತಿಗೆ ಕಾಲು ಆಡುತ್ತದೆ ಎಂದು ಭಾವ ಧೈರ್ಯ ಹೇಳಿದರು. ಅಂಗಳದಲ್ಲಿ ದಿನಕ್ಕೆ ಹತ್ತು ಸುತ್ತು ಹಾಕಿದೆ.

ರಾಗಿ ಕಣಕ್ಕೆ ಬರುವ ಹೊತ್ತಿಗೆ ಕಾಗದ ಬಂತು. ಅದೇ ಪಕ್ಕದ ಮನೆಯವರ ಕೈಬರಹ. ನಾಲ್ಕೇ ಸಾಲು. ನಮ್ಮಮ್ಮ ಹೋಗಿದ್ದಳು. ಭಾವ, "ಏನ್ ಬರ್ದವ್ರಮ್ಮ?" ಅಂದರು. "ಎಲ್ಲ ಸೌಖ್ಯ" ಅಂದೆ. ಓದಬಲ್ಲವರು ಇನ್ನೊಬ್ಬರಿರಲಿಲ್ಲ. ನಾನು ಹೇಳದಿದ್ದರೆ ಈ ದೇಶದಲ್ಲಿ ನಮ್ಮಮ್ಮ ಬದುಕಿಯೇ ಇರುತ್ತಾಳೆ ಎನ್ನಿಸಿತು. ಎರಡು ದಿನ ಹಾಗೇ ಇಟ್ಟುಕೊಂಡೆ. ಅಂಗಳದಲ್ಲಿ ಸುತ್ತು ಹಾಕುವುದನ್ನು ಮಾತ್ರ ಬಿಟ್ಟುಬಿಟ್ಟೆ. ನಮ್ಮತ್ತೆ ಅದನ್ನು ಗಮನಿಸಿದ್ದರು.

ಎರಡನೆಯ ದಿನ ಸಂಜೆ ದೀಪ ಹಚ್ಚಿ ನಮ್ಮತ್ತೆ ಒಲೆಯ ಮುಂದೆ ಕೂರಲಿಲ್ಲ. ನನ್ನ ಹತ್ತಿರ ಬಂದು ಕಾಲ ಬಳಿ ಕೂತರು. ಬೆಚ್ಚಗಿನ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು.

"ಮಾಯಮ್ಮ" ಅಂದರು. ಅವರ ಬಾಯಲ್ಲಿ ನನ್ನ ಹೆಸರನ್ನು ಅಂದೇ ಮೊದಲು ಕೇಳಿದ್ದು. "ಕೊನೇಗೆ ಏನ್ ತಿಂದ್ಲಂತೆ ನಿಮ್ಮಮ್ಮ?"

ನನಗೆ ತಡೆಯಲಾಗಲಿಲ್ಲ. "ಬರ್ದಿಲ್ಲ ಅತ್ತಮ್ಮ, ಬರ್ದೇ ಇಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತೆ. ಇಷ್ಟು ವರ್ಷದಲ್ಲಿ ನಮ್ಮಮ್ಮ ಎಂಥವಳು ಎಂದು ಈ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. ಅವಳನ್ನು ನನ್ನಿಂದ ತಪ್ಪಿಸಿದವರೇ ಕೇಳುತ್ತಿದ್ದರು.

ಅವರೂ ಅತ್ತರು. "ನಾನ್ ಮಾಡಿದ್ದು" ಅಂದರು. "ತಿದ್ದಕ್ಕಾಗಲ್ಲ. ಹೋಗ್ಲಿ, ನೀನ್ ಕಂಡಿದ್ದು ಹೇಳು. ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ಲು?"

ಹೇಳಿದೆ. ಕತ್ತಲಿರುವಾಗಲೇ ಎದ್ದು ಮೀನು ಬೇಯಿಸಿ ಮುಳ್ಳು ಬಿಡಿಸುತ್ತಿದ್ದಳು. ಬಾಳೆದಿಂಡನ್ನು ತೆಳ್ಳಗೆ ಹೆಚ್ಚಿ ಸಾರಿಗೆ ಹಾಕುತ್ತಿದ್ದಳು. ಗಿರಣಿಯ ಗಂಟೆ ಹೊಡೆಯುವ ಮುಂಚೆ ಕೂದಲಿಗೆ ಹೂ ಮುಡಿಯುತ್ತಿದ್ದಳು, ಬಿಸಿ ಸಾರಿನ ಹಬೆಗೆ ಅದು ಮಧ್ಯಾಹ್ನಕ್ಕೇ ಬಾಡುತ್ತಿತ್ತು. ಸಾಲ ಹೇಳುವ ಕೂಲಿಗಳನ್ನು ಬೈಯುತ್ತಲೇ ಬಟ್ಟಲು ತುಂಬುತ್ತಿದ್ದಳು. "ನನ್ ಮಗನ್ನೂ ಬೈತಿದ್ಲಾ?" ಅಂತ ಕೇಳಿದರು ನಮ್ಮತ್ತೆ. ಅವನನ್ನೇ ಎಲ್ಲರಿಗಿಂತ ಹೆಚ್ಚು ಅಂದೆ. ಅವರಿಗೆ ನಗು ಬಂತು, ನನಗೂ ಬಂತು. ಎಸರು ಕುದಿದು ಅರ್ಧವಾದರೂ ಯಾರೂ ಏಳಲಿಲ್ಲ.

ಹೊರಗೆ ಪೂರ್ತಿ ಕತ್ತಲಾದ ಮೇಲೆ ನೋಡಿದೆ. ಮಾತು ಕೇಳುತ್ತ ಕೇಳುತ್ತ ನಮ್ಮತ್ತೆ ಯಾವಾಗಲೋ ನನ್ನ ಎಡಗಾಲನ್ನು ತೊಡೆಯ ಮೇಲೆಳೆದುಕೊಂಡು ಹರಡಿಗೆ ಎಣ್ಣೆ ನೀವುತ್ತಿದ್ದರು. ನಾನು ಕಾಲು ತೆಗೆಯಲಿಲ್ಲ.